ಮಾಮ ಆಡಲಾರದ ಮಾತು

ಹೊಸ ಬಡಾವಣೆ, ಕೋಲಾರ
೧೮ ಜೂನ್ ೧೯೩೯

ಮಾಮ,

ಎಲ್ಲರೂ ಚೆನ್ನಾಗಿದ್ದೇವೆ ಅಂತ ಬರೆದು ಮುಗಿಸು ಅಂದಳು ಅಮ್ಮ. ಅದು ಆಯಿತು. ಇನ್ನು ನನ್ನ ಮಾತು.

ಹೈಸ್ಕೂಲು ಶುರುವಾಗಿದೆ. ತರಗತಿಯಲ್ಲಿ ಹುಡುಗಿ ಅಂತ ಇರುವವಳು ನಾನೊಬ್ಬಳೇ. ಮಿಡ್ಲ್ ಸ್ಕೂಲಿನಲ್ಲಿ ಜೊತೆಗಿದ್ದ ಶಾಮಲಮ್ಮನಿಗೆ ಮಾಲೂರಿನ ಕಡೆ ಮದುವೆ ಗೊತ್ತಾಯಿತು. ಆವಲಮ್ಮನಿಗೆ ಅವರಪ್ಪ ಓದಿದ್ದು ಸಾಕು ಅಂದರಂತೆ. ನನಗೆ ಮೇಷ್ಟರ ಮೇಜಿನ ಪಕ್ಕದಲ್ಲಿ, ಗೋಡೆಯ ಕಡೆಗೆ ತಿರುಗಿಸಿ ಒಂದು ಬೆಂಚು ಹಾಕಿದ್ದಾರೆ. ಅಲ್ಲಿ ಕೂತರೆ ಹುಡುಗರಿಗೆಲ್ಲ ನಾನು ಕಾಣುತ್ತೇನೆ, ನನಗೆ ಸುಣ್ಣ ಕಾಣುತ್ತದೆ.

ಮೊದಲ ದಿನ ಹಾಜರಿ ಕರೆದರು. ನನ್ನ ಹೆಸರು ಬಂದಾಗ ಬಾಯಿ ತೆರೆದೆ, ಸ್ವರ ಬರಲಿಲ್ಲ. ಮೇಷ್ಟರು ತಲೆ ಎತ್ತದೆ ಗೈರುಹಾಜರಿ ಹಾಕಿದರು. ಅವರ ಶಾಯಿ ಕುಡಿಕೆ ನನ್ನ ಕೈಗೆ ಎಟುಕುವಷ್ಟು ಹತ್ತಿರ ಇತ್ತು ಮಾಮ, ಆದರೂ ನಾನು ಗೈರುಹಾಜರಿ. ಮಾರನೆಯ ದಿನವೂ ಹಾಗೇ. ಅಪ್ಪನಿಗೆ ಹೇಳಬೇಡ.

ಈ ಮನೆ ನೀನಿನ್ನೂ ನೋಡಿಲ್ಲ. ಊರೊಳಗೆ ಪ್ಲೇಗಿನ ಭಯ ಅಂತ ಅಪ್ಪ ಇಷ್ಟು ದೂರ ಬಂದು ಕಟ್ಟಿಸಿದರು. ಬಡಾವಣೆ ಅಂತ ಹೆಸರು. ಕಲ್ಲು ನೆಟ್ಟು ಬೀದಿ ಮಾಡಿದ್ದಾರೆ, ಬೀದಿಯಲ್ಲಿ ಮನೆಗಳಿಲ್ಲ. ಒಂದು ಕಡೆ ಅಂತರಗಂಗೆ ಬೆಟ್ಟದ ಬಂಡೆ, ಇನ್ನೊಂದು ಕಡೆ ಯಾರದೋ ಹುರುಳಿ ಹೊಲ. ಅಪ್ಪ ಅಮಲ್ದಾರರ ಕಚೇರಿಯಿಂದ ಬಂದರೆ ಪೇಪರು ಹಿಡಿದು ಕೂರುತ್ತಾರೆ. ಅಮ್ಮನಿಗೆ ಅಡುಗೆಮನೆ. ಆವನಿಯಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಮೇಲೆ ಮಗ್ಗಿ ಹೇಳಿಸುತ್ತಿದ್ದೆಯಲ್ಲ, ಆಗ ನಾನು ಎಷ್ಟೊಂದು ಮಾತಾಡುತ್ತಿದ್ದೆ! ಈಗ ನಿನಗೆ ಬರೆಯುವಾಗ ಮಾತ್ರ ಮಾತು ಬರುತ್ತದೆ.

ನಿನಗೆ ಮೇಷ್ಟರ ಕೆಲಸದ ಮೊದಲ ದಿನ ಭಯ ಆಗಲಿಲ್ಲವಾ?

ನಿನ್ನ
ಆದಿಲಕ್ಷ್ಮಿ


ನಂಗಲಿ
೨೯ ಜೂನ್ ೧೯೩೯

ಆದೀ,

ಭಯವಾ? ಕೇಳು. ಇಲ್ಲಿಗೆ ಬಂದ ದಿನ ಹೊಸ ಕೋಟು ಹಾಕಿಕೊಂಡು ನಿಂತು, "ಮಕ್ಕಳೇ, ಎಲ್ಲರೂ ನೆಟ್ಟಗೆ ಕುಳಿತುಕೊಳ್ಳಿ" ಅಂದೆ. ಒಬ್ಬರೂ ಅಲ್ಲಾಡಲಿಲ್ಲ. ಮುಂದಿನ ಸಾಲಿನವನೊಬ್ಬ ಹಿಂದೆ ತಿರುಗಿ, "ಅಯ್ಯವಾರು ಏಮಂಟುನ್ನಾರ್ರಾ?" ಅಂತ ಕೇಳಿದ, ಮೇಷ್ಟರು ಏನಂತಾರೋ ಅಂತ. ಗಡಿಯ ಊರು, ಮಕ್ಕಳ ಬಾಯಲ್ಲಿ ಬರೀ ತೆಲುಗು. ನನ್ನ ಒಳ್ಳೆಯ ಕನ್ನಡವೆಲ್ಲ ಕೋಟಿನ ಜೇಬಿನಲ್ಲೇ ಉಳಿಯಿತು. ಈಗ ಇಬ್ಬರಿಗೂ ಅರ್ಥವಾಗುವ ಒಂದು ಕಲಬೆರಕೆ ಭಾಷೆ ಮಾಡಿಕೊಂಡಿದ್ದೇವೆ.

ನಿಜ ಹೇಳಲಾ? ಮಕ್ಕಳ ಎದುರು ನಾನು ಹುಲಿ. ದೊಡ್ಡವರ ಎದುರು ನನ್ನ ಬಾಯಿಯೂ ನಿನ್ನ ಬಾಯಿಯಂತೆಯೇ. ಇನ್ಸ್‌ಪೆಕ್ಟರು ಬಂದರೆ ನನ್ನ ಹೆಸರು ನನಗೇ ಮರೆಯುತ್ತದೆ. ನಮ್ಮ ಅಮ್ಮ ಗದರಿದರೆ ಈಗಲೂ ಕಂಬದ ಮರೆಗೆ ಸರಿಯುತ್ತೇನೆ.

ನಾಳೆ ಸ್ವರ ಬರದಿದ್ದರೆ ಕೈ ಎತ್ತು. ಕೈಗೆ ಗಂಟಲಿಲ್ಲ.

ನನ್ನ ಊಟ ತಿಂಡಿ ಚೆನ್ನಾಗಿ ನಡೆದಿದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಸಂಜೆ ರಸ್ತೆ ಪಕ್ಕ ಕೂತು ಹೋಗುವ ಬರುವ ಲಾರಿಗಳನ್ನು ನೋಡುತ್ತೇನೆ. ಬೇಸರವೇನಿಲ್ಲ. ಆಗಾಗ ಬರಿ.

ನಿನ್ನ ಮಾಮ
ಕೋದಂಡರಾಮಪ್ಪ


ಕೋಲಾರ
೧೦ ಸೆಪ್ಟೆಂಬರ್ ೧೯೩೯

ಮಾಮ,

ಕೈ ಎತ್ತಿದೆ. ಹುಡುಗರು ನಕ್ಕರು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು, "ಓಹೋ, ಇದ್ದೀಯೇನಮ್ಮ" ಅಂದರು. ಈಗ ದಿನವೂ ಕೈ ಎತ್ತುತ್ತೇನೆ. ಹುಡುಗರಿಗೂ ಬೇಜಾರಾಗಿ ನಗುವುದು ಬಿಟ್ಟಿದ್ದಾರೆ. ಎಲ್ಲ ಚೆನ್ನಾಗಿದೆ.

ಹೋದ ವಾರ ಅಜ್ಜಿ ಬಂದಿದ್ದಳು. ಆವನಿಯಿಂದ ಹುಣಸೆಹಣ್ಣು, ರಾಗಿ, ನನಗೆ ಒಂದು ಹಸಿರು ಸೀರೆ ತಂದಿದ್ದಳು. ದಾವಣಿಯ ವಯಸ್ಸಿನವಳಿಗೆ ಸೀರೆ ಯಾಕಜ್ಜಿ ಅಂದರೆ ನಗುತ್ತಾಳೆ. ನನ್ನನ್ನು ಎದ್ದು ನಿಲ್ಲಿಸಿ, ತಿರುಗಿಸಿ, "ಎಂಥಾ ಎತ್ತರ ಬೆಳೆದ್ಬಿಟ್ಟೆಯೇ ನನ್ನ ಬಂಗಾರ" ಅಂತ ಗಲ್ಲ ಸವರಿದಳು. ಆಮೇಲೆ ಅವಳೂ ಅಮ್ಮನೂ ಹಿತ್ತಲಲ್ಲಿ ಬಹಳ ಹೊತ್ತು ಪಿಸುಮಾತು ಆಡಿದರು. ನಾನು ಹೋದ ಕೂಡಲೆ ಹುಣಸೆಹಣ್ಣಿನ ವಿಷಯಕ್ಕೆ ಬಂದರು.

ದೀಪಾವಳಿಗೆ ನೀನು ಕೋಲಾರಕ್ಕೇ ಬರಬೇಕು. ಬೆಟ್ಟ ಹತ್ತೋಣ. ನಿನಗೆ ತೋರಿಸಲು ನನ್ನ ಭೂಗೋಳದ ನಕ್ಷೆಗಳಿವೆ.

ಆದಿಲಕ್ಷ್ಮಿ


ನಂಗಲಿ
೩ ಡಿಸೆಂಬರ್ ೧೯೩೯

ಚಿ. ಆದಿಲಕ್ಷ್ಮಿಗೆ,

ದೀಪಾವಳಿಗೆ ಬರಲಾಗಲಿಲ್ಲ. ಆವನಿಗೆ ಹೋಗಬೇಕಾಯಿತು. ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ಬರೆಯಲು ಬಿಡುವಾಗಲಿಲ್ಲ. ಶಾಲೆಯ ಕೆಲಸ ಹೆಚ್ಚು.

ಒಂದು ಮಾತು ಕೇಳುತ್ತೇನೆ. ಓದು ಮುಗಿಸಬೇಕು ಅಂತ ನಿನಗೇ ನಿಜವಾಗಿ ಆಸೆ ಇದೆಯಾ? ಅಥವಾ ಅಪ್ಪ ಸೇರಿಸಿದರು ಅಂತ ಹೋಗುತ್ತಿದ್ದೀಯಾ? ಯೋಚಿಸಿ ಬರಿ.

ಭಾವನವರಿಗೂ ಅಕ್ಕನಿಗೂ ನಮಸ್ಕಾರ ತಿಳಿಸು.

ಕೋದಂಡರಾಮಪ್ಪ


ಕೋಲಾರ
೧೨ ಡಿಸೆಂಬರ್ ೧೯೩೯

ಮಾಮ,

ನೀನು ಕೇಳಿದ್ದರ ಅರ್ಥ ನನಗೆ ತಿಳಿಯಿತು. ಮಾತು ಬರದ ಹುಡುಗಿಗೆ ಹೈಸ್ಕೂಲು ಯಾಕೆ ಅಂತ ನೀನೂ ಅಂದುಕೊಂಡಿದ್ದೀಯ. ಇಲ್ಲಿ ಎಲ್ಲರೂ ಅನ್ನುತ್ತಾರೆ. ನೀನು ಅನ್ನುವುದಿಲ್ಲ ಅಂತ ನಂಬಿದ್ದೆ.

ಹಾಗಾದರೆ ಇದನ್ನೂ ಕೇಳು. ಎಲ್ಲ ಚೆನ್ನಾಗಿದೆ ಅಂತ ಬರೆದೆನಲ್ಲ, ಅದೇ ವಾರ ಮೇಷ್ಟರು ಪದ್ಯ ಒಪ್ಪಿಸಲು ಎಬ್ಬಿಸಿದ್ದರು. ಪದ್ಯ ಪೂರ್ತಿ ಬರುತ್ತಿತ್ತು. ಎದ್ದು ನಿಂತೆ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ. ಬಿಟ್ಟ ಮೇಲೆ ಮನೆಗೆ ಬಾರದೆ ಬೆಟ್ಟದ ಬುಡದ ತನಕ ಹೋಗಿ ಬಂಡೆಯ ಮುಂದೆ ಇಡೀ ಪದ್ಯ ಗಟ್ಟಿಯಾಗಿ ಹೇಳಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಕೇಳಲು ಯಾರೂ ಇರಲಿಲ್ಲ.

ಓದು ನನಗೆ ಬೇಕು. ಅಪ್ಪನಿಗಾಗಿ ಅಲ್ಲ. ಪುಸ್ತಕ ತೆರೆದಾಗ ಯಾರೂ ನನ್ನನ್ನು ಮಾತಾಡು ಮಾತಾಡು ಅನ್ನುವುದಿಲ್ಲ, ಆದರೂ ಯಾರೋ ಜೊತೆಗಿದ್ದಂತೆ ಇರುತ್ತದೆ. ನಿನ್ನ ಕಾಗದ ಬಂದಾಗಲೂ ಹಾಗೇ ಇರುತ್ತಿತ್ತು. ಈ ಸಲ ಇರಲಿಲ್ಲ.

ಆದಿ


ಕೋಲಾರ
೨ ಮೇ ೧೯೪೦

ಮಹಾರಾಜರಾಜಶ್ರೀ ಕೋದಂಡರಾಮಪ್ಪನವರ ಪಾದಗಳಿಗೆ ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ತಾವು ಕ್ಷೇಮವೆಂದು ನಂಬಿದ್ದೇವೆ. ಇಲ್ಲಿ ನಮ್ಮ ತಾಯಿಯವರು ತಿಳಿಸಲು ಹೇಳಿದ್ದೇನೆಂದರೆ, ಶ್ರಾವಣ ಮಾಸದಲ್ಲಿ ಒಳ್ಳೆಯ ದಿನ ನೋಡಿ ವೀಳ್ಯ ಬದಲಾಯಿಸುವ ಶಾಸ್ತ್ರಕ್ಕೆ ಹಿರಿಯರು ನಿಶ್ಚಯಿಸಿರುತ್ತಾರೆ. ತಾವು ಅಜ್ಜಿಯವರೊಂದಿಗೆ ಮುಂಚಿತವಾಗಿ ದಯಮಾಡಿಸಬೇಕು. ನಾನು ಚೆನ್ನಾಗಿದ್ದೇನೆ. ಅಡುಗೆ ಕೆಲಸ ಕಲಿಯುತ್ತಿದ್ದೇನೆ.

ಆದಿಲಕ್ಷ್ಮಿ


ನಂಗಲಿ
೯ ಮೇ ೧೯೪೦

ಆದೀ,

ಅಕ್ಕ ಪಕ್ಕದಲ್ಲಿ ಕೂತು ಹೇಳಿದಳು, ನೀನು ಬರೆದೆ. ಅಷ್ಟು ಗೊತ್ತಾಯಿತು. "ತಾವು" ಅನ್ನುವ ಮಾತನ್ನು ಮತ್ತೆ ಮತ್ತೆ ಓದಿದೆ. ನನ್ನ ಹೆಗಲ ಮೇಲೆ ಕೂತು ನನ್ನ ಕಿವಿ ಹಿಡಿದುಕೊಳ್ಳುತ್ತಿದ್ದ ಹುಡುಗಿ!

ಡಿಸೆಂಬರಿನಲ್ಲೇ ಹೇಳಬೇಕಾಗಿತ್ತು. ದೀಪಾವಳಿಯಲ್ಲಿ ಅಮ್ಮ ನನ್ನನ್ನು ಕೂರಿಸಿಕೊಂಡು, "ಆದಿ ದೊಡ್ಡವಳಾದ್ಲು. ಸೋದರಮಾವ ನೀನಿರೋವಾಗ ಹೊರಗಿನವರಿಗ್ಯಾಕೆ ಕೊಡೋದು? ನಮ್ಮ ಹುಡುಗಿ ನಮ್ಮನೇಲೇ ಇರಲಿ" ಅಂದಳು. ನಮ್ಮ ಕಡೆ ನಡೆದು ಬಂದದ್ದೇ. ನನ್ನ ಜೊತೆಯವರೆಲ್ಲ ಅಕ್ಕನ ಮಗಳನ್ನೇ ಮಾಡಿಕೊಂಡಿದ್ದಾರೆ. ಆದರೆ ನನಗೆ ನೀನು ನಾನು ಎತ್ತಿ ಆಡಿಸಿದ ಮಗು. ಬೇರೆ ಥರ ಯೋಚಿಸಲು ನನ್ನಿಂದ ಆಗದು. ಅದನ್ನು ಅಮ್ಮನಿಗೆ ಹೇಳಲು ಬಾಯಿ ತೆರೆದೆ. ಅವಳು ಊಟ ಬಿಡುತ್ತೇನೆ ಅಂದಳು. "ಓದು ಮುಗೀಲಿ, ಆಮೇಲೆ ನೋಡೋಣ" ಅಂದೆ. ನನಗೆ ಅಷ್ಟೇ ಆದದ್ದು. ಅದನ್ನೇ ಅವರು ಒಪ್ಪಿಗೆ ಅಂತ ಹಿಡಿದುಕೊಂಡರು.

ಓದಿನ ಆಸೆ ಇದೆಯಾ ಅಂತ ಕೇಳಿದ್ದು ಅದಕ್ಕೆ. ನೀನು ತಪ್ಪು ತಿಳಿದು ನೊಂದುಕೊಂಡೆ. ಬಿಡಿಸಿ ಹೇಳಲು ಎಷ್ಟೋ ಕಾಗದ ಶುರುಮಾಡಿ ಒಲೆಗೆ ಹಾಕಿದೆ. ಈಗ ನಿನ್ನ ಮನಸ್ಸಿನಲ್ಲಿ ಏನಿದೆ? ನೀನೇ ಬರಿ. ಯಾರೂ ಪಕ್ಕದಲ್ಲಿ ಇಲ್ಲದಾಗ ಬರಿ.

ಮಾಮ


ಕೋಲಾರ
೧೬ ಜೂನ್ ೧೯೪೦

ಮಾಮ,

ಸ್ಕೂಲು ತೆರೆದಿದೆ. ನನ್ನನ್ನು ಕಳಿಸಿಲ್ಲ. ಗಂಟೆಯ ಶಬ್ದ ಇಲ್ಲಿಗೆ ಕೇಳುವುದಿಲ್ಲ, ಆದರೂ ಆ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತೇನೆ. ಅಪ್ಪ ಕಚೇರಿಗೆ ಹೊರಡುವಾಗ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟುತ್ತಾರೆ.

ಅಮ್ಮ ವಿಷಯ ಹೇಳಿದ ದಿನ ನಾನು ಅಳಲಿಲ್ಲ. ಅಮ್ಮನಿಗೆ ಸಂತೋಷವಾಯಿತು, ಒಪ್ಪಿದಳು ಅಂದುಕೊಂಡಳು. ನನ್ನ ಯೋಚನೆ ಬೇರೆ ಇತ್ತು. ಇಷ್ಟು ದಿನ ನಾನು ಕಾಗದ ಬರೆದದ್ದು ಯಾರಿಗೆ? ಹಾಜರಿಯ ವಿಷಯ, ಬಂಡೆಗೆ ಪದ್ಯ ಹೇಳಿದ ವಿಷಯ, ಎಲ್ಲ ಮಾಮನಿಗೆ ಅಂತ ಬರೆದೆ. ನೀನು ಬೇರೆ ಯಾರೋ ಆಗುವವನು ಅಂತ ತಿಳಿದಿದ್ದರೆ ಒಂದು ಸಾಲೂ ಬರೆಯುತ್ತಿರಲಿಲ್ಲ. ದೀಪಾವಳಿಯಿಂದ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಓದಿದೆ.

ಮನಸ್ಸಿನಲ್ಲಿ ಏನಿದೆ ಅಂತ ಕೇಳಿದ್ದೀಯ. ಬೇಡ ಅಂದರೆ ನಿನಗೆ ಎಲ್ಲರ ಮುಂದೆ ಅವಮಾನ. ಆಗಲಿ ಅಂದರೆ ನನಗೆ ಮಾಮ ಇರುವುದಿಲ್ಲ. ಬೇರೆ ಹುಡುಗಿಯರಿಗೆ ಅಕ್ಕಪಕ್ಕದವರು ಇರುತ್ತಾರೆ, ಗೆಳತಿಯರು ಇರುತ್ತಾರೆ. ನನಗೆ ಇದ್ದದ್ದು ಇದೊಂದೇ. ಅದನ್ನೇ ಯಾಕೆ ಮದುವೆ ಮಾಡುತ್ತಾರೆ?

ಬೇಡ ಮಾಮ. ನನಗೆ ಬೇಡ.

ಆದಿ


ನಂಗಲಿ
೨೪ ಜೂನ್ ೧೯೪೦

ಆದೀ,

ನೀನು ಬರೆದದ್ದೆಲ್ಲ ಸರಿ. ಗೊತ್ತಿದ್ದೂ ಓದಿದ್ದು ತಪ್ಪು. ಇಲ್ಲಿ ಸಂಜೆ ಶಾಲೆ ಬಾಗಿಲು ಹಾಕಿದ ಮೇಲೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಬೇಸರವಿಲ್ಲ ಅಂತ ಬರೆದಿದ್ದೆ, ಅದು ಸುಳ್ಳು. ನಿನ್ನ ಕಾಗದ ನಿಂತುಹೋದೀತು ಅಂತ ಹೇಳದೆ ಇದ್ದೆ.

ಇನ್ನು ನೀನು ಯೋಚನೆ ಮಾಡಬೇಡ. ಶ್ರಾವಣಕ್ಕೆ ನಾನು ಬರುತ್ತೇನೆ. ವೀಳ್ಯದ ತಟ್ಟೆ ಮುಟ್ಟುವ ಮುಂಚೆ, ಅಮ್ಮ, ಅಕ್ಕ, ಭಾವ ಎಲ್ಲರೂ ಇರುವಾಗಲೇ ನನ್ನ ಬಾಯಿಂದ ಬೇಡ ಅಂತ ಹೇಳುತ್ತೇನೆ. ನೀನು ಒಳಗೇ ಇರು. ನೀನು ಒಂದು ಮಾತೂ ಆಡಬೇಕಾಗಿಲ್ಲ.

ಮಾಮ


ಕೋಲಾರ
೨೦ ಆಗಸ್ಟ್ ೧೯೪೦

ಮಾಮ,

ನೀನು ತಲೆ ಬಗ್ಗಿಸಿ ಕೂತಿದ್ದೆ. ಆಮೇಲೆ ಯಾರಿಗೂ ಹೇಳದೆ ಮುಳಬಾಗಿಲಿನ ಬಸ್ಸು ಹತ್ತಿ ಹೋದೆ. ಆದ್ದರಿಂದ ನಿನಗೆ ಕಾಣದೆ ಇದ್ದದ್ದನ್ನು ಬರೆಯುತ್ತಿದ್ದೇನೆ.

ನಾನು ಅಡುಗೆಮನೆಯ ಬಾಗಿಲ ಹಿಂದೆ, ಆ ಹಸಿರು ಸೀರೆ ಉಟ್ಟು ನಿಂತಿದ್ದೆ. ಅಜ್ಜಿ ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿದಳು. "ಕೋದಂಡ, ಹಿಡ್ಕೊಳ್ಳೋ" ಅಂದಳು. ನೀನು, "ಅಮ್ಮಾ, ಒಂದು ಮಾತು" ಅಂದೆ. ಅಜ್ಜಿ, "ಏನು ಮಾತು? ನಿಮ್ಮಪ್ಪ ಇದ್ದಿದ್ರೆ ಎಷ್ಟು ಸಂತೋಷಪಡ್ತಿದ್ರೋ" ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಿನ್ನ ಮಾತು ಅಲ್ಲಿಗೇ ನಿಂತಿತು. ನಾನು ಕಾದೆ. ನೀನು ಚಾಪೆಯ ಅಂಚು ಕೀಳುತ್ತಿದ್ದೆ. ಆಮೇಲೆ ನಿನ್ನ ಕೈ ತಟ್ಟೆಯ ಕಡೆಗೆ ಬಂತು.

ನನಗೆ ಸಿಟ್ಟು ಬಂತು ಅಂತ ಬರೆಯಲಾ? ಬರಲಿಲ್ಲ. ಆ ಕೈ ನನಗೆ ಗೊತ್ತಿತ್ತು. ಎದ್ದು ನಿಂತರೂ ಪದ್ಯ ಹೇಳಲಾರದೆ ನಾನು ಲಂಗದ ಅಂಚು ಕೀಳುತ್ತಿದ್ದೆನಲ್ಲ, ಅದೇ ಕೈ. ಅಯ್ಯೋ, ಇವನೂ ನನ್ನ ಹಾಗೇ ಅಂತ ಅನ್ನಿಸಿತು. ಹೇಗೆ ಹೊರಗೆ ಬಂದೆನೋ ತಿಳಿಯದು.

"ಬೇಡ ಅಜ್ಜಿ" ಅಂದೆ. ಸ್ವರ ಎಷ್ಟು ಜೋರಾಗಿ ಬಂತು ಅಂದರೆ ನಾನೇ ಬೆಚ್ಚಿದೆ. "ನನಗೆ ಬೇಡ. ಮಾಮನಿಗೂ ಬೇಡ. ಅವನು ಹೇಳಲಾರ, ಅದಕ್ಕೆ ನಾನು ಹೇಳ್ತಿದೀನಿ."

ನೀನು ಆಗಲೂ ತಲೆ ಎತ್ತಲಿಲ್ಲ. ಅಮ್ಮ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. "ಯಾರು ಕಲಿಸಿದ್ರೇ ಇದನ್ನೆಲ್ಲ ನಿನಗೆ? ಬಾಯಿ ಬರಲ್ಲ ಅಂತಿದ್ರು, ಬಂದ ದಿನ ನಮ್ಮ ಮಾನ ತೆಗೆದೆಯಲ್ಲೇ!" ಅಜ್ಜಿ ಹೊಡೆಯಲಿಲ್ಲ, ಬೈಯಲಿಲ್ಲ. ಎಲೆಗಳನ್ನು ಒಂದೊಂದಾಗಿ ತಟ್ಟೆಯಿಂದ ತೆಗೆದು ಮಡಿಲಿಗೆ ಹಾಕಿಕೊಂಡು, "ನನ್ನ ಮಗನನ್ನ ಬೇಡ ಅಂದೆಯಾ" ಅಂತ ಮಾತ್ರ ಕೇಳಿದಳು. ಅದಕ್ಕಿಂತ ಅಮ್ಮನ ಏಟೇ ವಾಸಿ ಇತ್ತು.

ನೀನು ಎದ್ದು ಹೋದ ಮೇಲೆ ಅಪ್ಪ ಬಹಳ ಹೊತ್ತು ಪೇಪರು ಹಿಡಿದು ಕೂತಿದ್ದರು. ಆಮೇಲೆ, "ನಾಳೆಯಿಂದ ಸ್ಕೂಲಿಗೆ ಹೋಗು" ಅಂದರು. ಅಮ್ಮ ಕೂಗಾಡಿದಳು. ಅಪ್ಪ, "ಬೇಡ ಅಂತ ಅಷ್ಟು ಸ್ಪಷ್ಟವಾಗಿ ನಾನೂ ಯಾವತ್ತೂ ಹೇಳಿಲ್ಲ ಕಣೇ ವೆಂಕಟರತ್ನ. ಹೋಗ್ಲಿ ಬಿಡು" ಅಂದರು.

ಮರಳಿ ಸೇರಿದ್ದೇನೆ. ಬೆಂಚು ಅಲ್ಲೇ ಇದೆ. ಅಮ್ಮ ನನ್ನ ಹತ್ತಿರ ಮಾತಾಡುತ್ತಿಲ್ಲ, ತಟ್ಟೆಗೆ ಅನ್ನ ಹಾಕಿ ತಿರುಗಿಕೊಳ್ಳುತ್ತಾಳೆ. ನೀನಾದರೂ ಬರಿ.

ಆದಿ


ನಂಗಲಿ
೬ ಅಕ್ಟೋಬರ್ ೧೯೪೦

ಆದೀ,

ನೀನು ಹೇಳಿದ್ದು ನನ್ನ ಮಾತು. ನಾನು ಆಡಬೇಕಾಗಿದ್ದದ್ದು. ಹೆಸರು ಕೆಟ್ಟದ್ದು ಮಾತ್ರ ನಿನ್ನದು. ಆವನಿಯಲ್ಲಿ ಜನ ನಿನ್ನನ್ನು ಗಯ್ಯಾಳಿ ಅನ್ನುತ್ತಾರಂತೆ. ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಮ್ಮ ಆವನಿಯ ಮನೆಗೆ ಬೀಗ ಹಾಕಿ ಇಲ್ಲಿ ನನ್ನ ಜೊತೆಗಿದ್ದಾಳೆ. ಅಡುಗೆ ಮಾಡುತ್ತಾಳೆ, ಮಾತಾಡುವುದಿಲ್ಲ. ಟಪ್ಪಾಲಿನವನು ಬಂದರೆ ಬಾಗಿಲಿಗೆ ಅವಳೇ ಹೋಗುತ್ತಾಳೆ. ನಿನ್ನ ಕಾಗದ ಬಂದ ದಿನ, "ಮದುವೆ ಬೇಡ ಅಂದವಳಿಗೆ ಕಾಗದ ಯಾಕೆ ಬೇಕು? ಮದುವೆ ಆಗಬೇಕಾದ ಹುಡುಗಿ ಅವಳು. ನಾಳೆ ಅವಳಿಗೆ ಬರೋ ಗಂಡಿನ ಕಡೆಯವರು ಕೇಳಿದರೆ ಏನು ಹೇಳ್ತೀಯ?" ಅಂದಳು. ಸಿಟ್ಟಿನಲ್ಲಿ ಅಂದಳು, ಆದರೆ ಸುಳ್ಳಲ್ಲ. ನಮ್ಮಿಬ್ಬರ ಹೆಸರು ಒಟ್ಟಿಗೆ ಓಡಾಡಿದೆ. ಇನ್ನು ಕಾಗದ ಓಡಾಡಿದರೆ ನಿನಗೇ ಕೆಡುಕು.

ಬರೆಯಬೇಡ. ನಾನೂ ಬರೆಯುವುದಿಲ್ಲ. ಸಿಟ್ಟಿನಿಂದ ಅಲ್ಲ ಅನ್ನುವುದನ್ನು ಮಾತ್ರ ತಿಳಿದುಕೋ. ಚೆನ್ನಾಗಿ ಓದು.

ಮಾಮ


ಕೋಲಾರ
೨೧ ಜೂನ್ ೧೯೪೨

ಸೌ. ಮುತ್ಯಾಲಮ್ಮ ಅತ್ತೆಯವರಿಗೆ,

ನಿಮ್ಮ ಮದುವೆಯ ದಿನ ಶ್ರೀನಿವಾಸಪುರದಲ್ಲಿ, ನಿಮ್ಮ ತಂದೆಯವರ ಮಾವಿನ ತೋಪಿನಲ್ಲಿ ಚಪ್ಪರ ಹಾಕಿದ್ದರಲ್ಲ, ನಾನು ಅದರ ಕೊನೆಯಲ್ಲಿ ಅಪ್ಪನ ಹಿಂದೆ ಕೂತಿದ್ದೆ. ಅಮ್ಮ ಬಲವಂತ ಮಾಡಿ ಕರೆದುಕೊಂಡು ಬಂದಿದ್ದಳು. ತಮ್ಮನ ಮದುವೆಗೆ ಹೋಗದಿದ್ದರೆ ಜನ ಏನಂತಾರೆ ಅಂದಳು. ಬಂದವರೆಲ್ಲ ನನ್ನ ಕಡೆ ನೋಡಿ ಪಿಸುಗುಡುತ್ತಿದ್ದರು. ಅಜ್ಜಿ ನನ್ನನ್ನು ದಾಟಿಕೊಂಡು ಹೋಗಿ ಪಕ್ಕದವರಿಗೆ ಕುಂಕುಮ ಕೊಟ್ಟಳು. ಊಟಕ್ಕೆ ಏಳದೆ ಅಲ್ಲೇ ಕೂತಿದ್ದೆ.

ಆಗ ನೀವು ಬಂದಿರಿ. ಮದುಮಗಳು ಅಷ್ಟು ದೂರ ಒಬ್ಬಳೇ ನಡೆದು ಬಂದದ್ದಕ್ಕೆ ನಿಮ್ಮ ಚಿಕ್ಕಮ್ಮ ಹಿಂದಿನಿಂದ ಕೂಗುತ್ತಿದ್ದರು. ನೀವು ಕೇಳಿಸಿಕೊಳ್ಳಲಿಲ್ಲ. "ನೀನೇನಾ ಆದಿಲಕ್ಷ್ಮಿ?" ಅಂದಿರಿ. ಹೂಂ ಅನ್ನಲೂ ನನಗೆ ಆಗಲಿಲ್ಲ. "ನನಗೆ ಎಲ್ಲಾ ಗೊತ್ತು ಕಣಮ್ಮ. ಮದುವೆ ಗೊತ್ತಾದ ದಿನವೇ ಅವರು ನಮ್ಮಪ್ಪನ ಮುಂದೆ ಹೇಳಿದ್ರು. ಆ ಹುಡುಗಿ ತಪ್ಪೇನೂ ಮಾಡಿಲ್ಲ, ನಾನು ಆಡಬೇಕಾದ ಮಾತು ಅವಳು ಆಡಿದ್ಲು, ಇದನ್ನ ತಿಳ್ಕೊಂಡು ಹೆಣ್ಣು ಕೊಡೋದಾದ್ರೆ ಕೊಡಿ ಅಂದ್ರು" ಅಂದಿರಿ.

ಅವರು ಹಿರಿಯರೊಬ್ಬರ ಮುಂದೆ ಅಷ್ಟು ಮಾತಾಡಿದರು ಅಂತ ಕೇಳಿ ನಾನು ಚಪ್ಪರದಲ್ಲೇ ಅತ್ತುಬಿಟ್ಟೆ. ನೀವು ಕಣ್ಣು ಒರೆಸಿಕೊಳ್ಳಲು ನಿಮ್ಮ ಧಾರೆ ಸೀರೆಯ ಸೆರಗು ಕೊಟ್ಟಿರಿ. ಕಾಡಿಗೆ ಅಂಟಿದೆ ಅಂತ ಆಮೇಲೆ ಹೊಳೆಯಿತು. ಕ್ಷಮಿಸಿ.

ಹೊರಡುವ ಹೊತ್ತಿಗೆ, "ನನಗೆ ಕಾಗದ ಬರಿ. ನನಗೆ ಓದೋಕೆ ಬರಲ್ಲ, ಅವರು ಓದಿ ಹೇಳ್ತಾರೆ. ಅತ್ತೆಗೆ ಸೊಸೆ ಬರೆದ್ರೆ ಯಾರೇನಂತಾರೆ?" ಅಂದಿರಿ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಎಸ್.ಎಸ್.ಎಲ್.ಸಿ. ಪಾಸಾದೆ. ಪೇಪರಿನಲ್ಲಿ ನಂಬರು ನೋಡಿ ಅಪ್ಪ ಬೀದಿಗೆ ಹೋಗಿ ನಿಂತರು, ಯಾರಿಗಾದರೂ ಹೇಳೋಣ ಅಂತ. ಯಾರೂ ಇರಲಿಲ್ಲ. ವಾಪಸು ಬಂದು ಅಮ್ಮನಿಗೇ ಮತ್ತೊಂದು ಸಲ ಹೇಳಿದರು. ಮುಂದೇನು ಅಂತ ಕೇಳಿದರು. ಮೇಷ್ಟರ ಕೆಲಸದ ತರಬೇತಿಗೆ ಹೋಗುತ್ತೇನೆ ಅಂದೆ. ಅಮ್ಮ ಆ ದಿನ ಹೋಳಿಗೆ ಮಾಡಿದಳು. ಅಮ್ಮನ ಕೋಪ ಪೂರ್ತಿ ಇಳಿದಿಲ್ಲ, ಆದರೆ ಮಾತು ಬಂದಿದೆ.

ಈ ಎರಡು ವರ್ಷದ ವಿಷಯ ಬರೆಯುವಂಥದ್ದು ಏನೂ ಇಲ್ಲ. ಸ್ಕೂಲಿಗೆ ಹೋದೆ, ಬಂದೆ. ನಮ್ಮ ಬೀದಿಯಲ್ಲಿ ಈಗ ಇನ್ನೊಂದು ಮನೆಗೆ ಅಡಿಪಾಯ ತೋಡುತ್ತಿದ್ದಾರೆ. ಯಾರು ಬರುತ್ತಾರೋ ಗೊತ್ತಿಲ್ಲ.

ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಅವಳು ಏನೂ ಅನ್ನದಿದ್ದರೂ ಹೇಳಿ. ಇದನ್ನು ನಿಮಗೆ ಓದಿ ಹೇಳುತ್ತಿರುವವರಿಗೂ ನಮಸ್ಕಾರ. ಅವರಿಗೆ ಮಕ್ಕಳ ಎದುರು ಗಟ್ಟಿಯಾಗಿ ಓದಿ ಅಭ್ಯಾಸವಿದೆ, ಓದುತ್ತಾರೆ. ನಡುವೆ ಎಲ್ಲಾದರೂ ನಿಲ್ಲಿಸಿದರೆ ಅವಸರ ಮಾಡಬೇಡಿ ಅತ್ತೆ. ಒಂದು ಲೋಟ ನೀರು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಜೊತೆಗೆ ಕೂತಿರಿ.

ಆದಿಲಕ್ಷ್ಮಿ